ಸರದಿ, ಸಾಲ, ಸಂಬಳ: ಮಯೂರ್ ವಿಹಾರದ ಮನೆವಾರ್ತೆಯ ಇತಿಹಾಸ

ಮಯೂರ್ ವಿಹಾರ್ ಸಂಬಳದವರ ಬಡಾವಣೆ. ಯಮುನೆಯ ಪೂರ್ವ ದಡದ ಈ ಜಾಗಕ್ಕೆ ಹೇಳಿಕೊಳ್ಳುವಂಥ ಕೋಟೆಯಿಲ್ಲ, ಗೋರಿಯಿಲ್ಲ. ನೆರೆಯ ಪಟ್ಪರ್‌ಗಂಜ್‌ಗಾದರೆ 1803ರ ಸೆಪ್ಟೆಂಬರಿನಲ್ಲಿ ಲಾರ್ಡ್ ಲೇಕ್‌ನ ಸೈನ್ಯ ಮರಾಠರ ಪಡೆಯನ್ನು ಸೋಲಿಸಿದ ಕಾಳಗದ ಹೆಸರಿದೆ. ಮಯೂರ್ ವಿಹಾರದ ಚರಿತ್ರೆ ಇರುವುದು ಹಂಚಿಕೆ ಪತ್ರ, ಭವಿಷ್ಯನಿಧಿಯ ಸ್ಲಿಪ್ಪು, ಸಾಲದ ಕಂತಿನ ರಸೀದಿಗಳಲ್ಲಿ. ಚಿಲ್ಲಾ, ಕೋಟ್ಲಾ ಹಳ್ಳಿಗಳ ಸುತ್ತಲ ಹೊಲಗಳಲ್ಲಿ 1980ರ ದಶಕದಲ್ಲಿ ಮೊದಲ ಹಂತ ಎದ್ದಿತು, ಎರಡನೆಯದೂ ಮೂರನೆಯದೂ ಅದರ ಬೆನ್ನಿಗೆ ಬಂದವು. ಮಗ್ಗುಲಲ್ಲೇ ತ್ರಿಲೋಕ್‌ಪುರಿ. ತುರ್ತು ಪರಿಸ್ಥಿತಿಯ ದಿನಗಳಲ್ಲಿ ನಗರದೊಳಗಿನ ಜೋಪಡಿಗಳಿಂದ ಎತ್ತಂಗಡಿಯಾದವರಿಗೆಂದು ಅಳೆದುಕೊಟ್ಟ ಸಣ್ಣ ಸಣ್ಣ ನಿವೇಶನಗಳ ಊರು ಅದು. ಮಯೂರ್ ವಿಹಾರದ ಮನೆಗಳ ಪಾತ್ರೆ ತೊಳೆಯುವ, ಬಟ್ಟೆ ಇಸ್ತ್ರಿ ಮಾಡುವ ಕೈಗಳು ಬಹುಪಾಲು ಅಲ್ಲಿಂದಲೇ ಬಂದವು.

ಇಲ್ಲಿನ ಸಂಸಾರಗಳಲ್ಲಿ ಉಳಿತಾಯ, ಹೂಡಿಕೆ, ನೌಕರಿ ಎಂಬ ಮೂರು ಲೆಕ್ಕಗಳು ಬೇರೆಬೇರೆಯಾಗಿ ಇದ್ದದ್ದು ಕಡಿಮೆ. ಮೂರನ್ನೂ ಮನೆಯೇ ಗಂಟು ಹಾಕಿತ್ತು. ಮನೆ ಸಿಗುವುದಕ್ಕೆ ನೌಕರಿಯಲ್ಲಿ ಇರಬೇಕಿತ್ತು, ಸಿಕ್ಕ ಮೇಲೆ ಅದರ ಸಾಲ ತೀರುವವರೆಗೆ ನೌಕರಿ ಬಿಡುವಂತಿರಲಿಲ್ಲ. ಸಾಲ ತೀರಿದ ಮೇಲೆ ಅದೇ ಮನೆ ಮುಂದಿನ ಪೀಳಿಗೆಗೆ ಕೆಲಸ ಬದಲಿಸುವ ಧೈರ್ಯ ಕೊಟ್ಟಿತು.

ದೆಹಲಿ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಡಿಡಿಎ, ಸ್ಥಾಪನೆಯಾದದ್ದು 1957ರಲ್ಲಿ. 1961ರಿಂದ ನಗರದಂಚಿನ ಭೂಮಿಯನ್ನು ಸರ್ಕಾರವೇ ದೊಡ್ಡ ಪ್ರಮಾಣದಲ್ಲಿ ಸ್ವಾಧೀನಪಡಿಸಿಕೊಂಡು ಪ್ರಾಧಿಕಾರದ ಮೂಲಕ ಹಂಚುವ ನೀತಿ ಬಂತು. ಖಾಸಗಿ ಬಡಾವಣೆಗಾರರಿಗೆ ಬಾಗಿಲು ಮುಚ್ಚಿದ್ದರಿಂದ ಮಧ್ಯಮ ವರ್ಗದವರಿಗೆ ಎರಡೇ ದಾರಿ ಉಳಿದವು: ಡಿಡಿಎ ಫ್ಲ್ಯಾಟಿಗೆ ಹೆಸರು ನೋಂದಾಯಿಸುವುದು, ಇಲ್ಲವೇ ಸಹಕಾರಿ ಗೃಹನಿರ್ಮಾಣ ಸಂಘದ ಸದಸ್ಯರಾಗುವುದು. 1979ರ ಹೊಸ ನೋಂದಣಿ ಯೋಜನೆಗೆ 1.7 ಲಕ್ಷಕ್ಕೂ ಹೆಚ್ಚು ಮಂದಿ ಠೇವಣಿ ಕಟ್ಟಿ ಹೆಸರು ಬರೆಸಿದರು. ಮಧ್ಯಮ ಆದಾಯ, ಅಲ್ಪ ಆದಾಯ, ಜನತಾ ಎಂಬ ಮೂರು ದರ್ಜೆಗಳಲ್ಲಿ ಲಾಟರಿ ಎತ್ತುತ್ತಾ ಹೋದ ಆ ಪಟ್ಟಿ ಕರಗಲು ದಶಕಗಳೇ ಹಿಡಿದವು. ಹೆಸರು ಬರೆಸುವಾಗ ಕೈಕೂಸಾಗಿದ್ದ ಮಗಳು ಮದುವೆಯ ವಯಸ್ಸಿಗೆ ಬಂದಾಗ ಹಂಚಿಕೆ ಪತ್ರ ಬಂದ ಮನೆಗಳಿದ್ದವು.

ಈ ಕಾಯುವಿಕೆಯನ್ನು ಆಗಿನವರು ಅನ್ಯಾಯವೆಂದು ನೋಡಿದ್ದಕ್ಕಿಂತ ಹವಾಮಾನದಂತೆ ಸಹಿಸಿಕೊಂಡದ್ದೇ ಹೆಚ್ಚು. ಸ್ಕೂಟರಿಗೆ, ಟೆಲಿಫೋನಿಗೆ, ಅಡುಗೆ ಅನಿಲಕ್ಕೆ ಎಲ್ಲಕ್ಕೂ ಸರದಿಯಿತ್ತು. ಹೀಗಾಗಿ ಮನೆಯ ಯಜಮಾನನ ಹಣಕಾಸಿನ ಜಾಣ್ಮೆ ಎಂದರೆ ಯಾವ ಯಾವ ಸರದಿಯಲ್ಲಿ ಎಷ್ಟು ಬೇಗ ಹೆಸರು ಬರೆಸಿದ್ದಾನೆ ಎಂಬುದೇ ಆಗಿತ್ತು. ಠೇವಣಿಯ ರಸೀದಿಯನ್ನು ಜೋಪಾನ ಮಾಡುವುದೂ ಒಂದು ಹೂಡಿಕೆ.

ಸಹಕಾರಿ ಸಂಘಗಳ ದಾರಿ ಸ್ವಲ್ಪ ಬೇರೆ. ಒಂದೇ ಕಚೇರಿಯವರೋ ಒಂದೇ ವೃತ್ತಿಯವರೋ ಸೇರಿ, 1972ರ ದೆಹಲಿ ಸಹಕಾರ ಸಂಘಗಳ ಕಾಯ್ದೆಯಡಿ ರಿಜಿಸ್ಟ್ರಾರರಲ್ಲಿ ನೋಂದಾಯಿಸಿ, ಡಿಡಿಎ ಭೂಮಿ ಕೊಡುವ ದಿನಕ್ಕಾಗಿ ಕಾಯುತ್ತಿದ್ದರು. ಭೂಮಿ ಸಿಕ್ಕಿದ ಮೇಲೆ ವಾಸ್ತುಶಿಲ್ಪಿ, ಗುತ್ತಿಗೆದಾರ, ಕಂತು, ಜಗಳ, ಸರ್ವಸದಸ್ಯರ ಸಭೆ. ಕೊನೆಗೆ ಯಾರಿಗೆ ಯಾವ ಮಹಡಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಮೊದಲ ಹಂತದಲ್ಲಿ ಇಂದಿಗೂ ನಿಂತಿರುವ ಸಮಾಚಾರ್ ಅಪಾರ್ಟ್‌ಮೆಂಟ್ಸ್, ನವಭಾರತ್ ಟೈಮ್ಸ್ ಅಪಾರ್ಟ್‌ಮೆಂಟ್ಸ್, ಆಕಾಶ್ ದರ್ಶನ್, ಕಲಾ ವಿಹಾರ್, ಸುಪ್ರೀಂ ಎನ್‌ಕ್ಲೇವ್ ಎಂಬ ಹೆಸರುಗಳನ್ನು ಓದಿದರೆ ಪತ್ರಿಕೆ, ಪ್ರಸಾರ, ಕಲೆ, ನ್ಯಾಯಾಲಯಗಳ ನೆನಪು ತಾನಾಗಿ ಬರುತ್ತದೆ. ಹಿಂದಿಯ ಕೃಷ್ಣಾ ಸೋಬತಿ, ರಾಜೇಂದ್ರ ಯಾದವ್ ಅವರಂಥ ಬರಹಗಾರರೂ ಈ ಬಡಾವಣೆಯಲ್ಲೇ ಬಾಳಿದರು.

ದಕ್ಷಿಣ ದೆಹಲಿಯವರು ಆಗ ಈ ದಡವನ್ನು ‘ಜಮುನಾಪಾರ್’ ಎಂದು ಮೂಗು ಮುರಿಯುತ್ತಿದ್ದರು. 1978ರ ಮಹಾಪೂರದ ನೆನಪು ಹಸಿಯಾಗಿತ್ತು, ಸೇತುವೆಗಳು ಕಡಿಮೆ, ಬಸ್ಸುಗಳು ಇನ್ನೂ ಕಡಿಮೆ. ಬೆಲೆ ಕೈಗೆಟುಕುತ್ತಿದ್ದುದಕ್ಕೆ ಈ ಮೂಗುಮುರಿತವೂ ಒಂದು ಕಾರಣ. ಶಾಸ್ತ್ರಿ ಭವನ, ಕೃಷಿ ಭವನಗಳ ಗುಮಾಸ್ತರು, ಸೆಕ್ಷನ್ ಆಫೀಸರುಗಳು, ಬ್ಯಾಂಕಿನವರು, ಪತ್ರಕರ್ತರು, ದಕ್ಷಿಣದ ರಾಜ್ಯಗಳಿಂದ ಬಂದು ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅರ್ಧ ಆಯುಷ್ಯ ಕಳೆದವರು ಇಲ್ಲಿಗೆ ಬಂದರು. ಮಲಯಾಳಿಗಳಷ್ಟು ಸಂಖ್ಯೆಯಲ್ಲಿ ಇಲ್ಲದಿದ್ದರೂ ಕನ್ನಡದ ಮನೆಗಳೂ ಇವರಲ್ಲಿ ಸೇರಿದ್ದವು. ಅವರ ಸಾರ್ವಜನಿಕ ಬದುಕು ಮಾತ್ರ ನದಿಯಾಚೆ ಉಳಿಯಿತು: ಕರ್ನಾಟಕ ಸಂಘ ರಾಮಕೃಷ್ಣಪುರದಲ್ಲಿ, ಕನ್ನಡ ಶಾಲೆ ಲೋಧಿ ಎಸ್ಟೇಟಿನಲ್ಲಿ.

ಕೇಂದ್ರ ಸರ್ಕಾರಿ ನೌಕರರು ಮನೆಗೆ ಹಣ ಹೊಂದಿಸುತ್ತಿದ್ದ ಬಗೆಯನ್ನು ತುಸು ವಿವರವಾಗಿ ನೋಡಬೇಕು, ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಬ್ಯಾಂಕುಗಳು ಮನೆಸಾಲವನ್ನು ಗಂಭೀರವಾಗಿ ತೆಗೆದುಕೊಳ್ಳುವುದಕ್ಕೆ ಬಹಳ ಮೊದಲೇ ಸರ್ಕಾರ ತನ್ನ ನೌಕರರಿಗೆ ‘ಗೃಹನಿರ್ಮಾಣ ಮುಂಗಡ’ ಕೊಡುತ್ತಿತ್ತು. ಅದರ ಬಡ್ಡಿ ಸರಳ ಬಡ್ಡಿ. ವಸೂಲಿಯ ಕ್ರಮ ವಿಚಿತ್ರವಾದರೂ ಸಂಸಾರಕ್ಕೆ ಅನುಕೂಲವಾದದ್ದು: ಮೊದಲು ಬರೀ ಅಸಲು, ಹೆಚ್ಚೆಂದರೆ 180 ತಿಂಗಳ ಕಂತುಗಳಲ್ಲಿ, ಅದು ತೀರಿದ ಮೇಲೆ ಬಡ್ಡಿ, ಹೆಚ್ಚೆಂದರೆ 60 ಕಂತುಗಳಲ್ಲಿ. 60,000 ರೂಪಾಯಿ ಎತ್ತಿದವನ ಸಂಬಳದಿಂದ 15 ವರ್ಷ ಕಾಲ ತಿಂಗಳಿಗೆ 334 ರೂಪಾಯಿಯಷ್ಟು ಹಿಡಿದುಕೊಂಡರೆ ಅಸಲು ಮುಗಿಯುತ್ತಿತ್ತು. ವೇತನ ಆಯೋಗಗಳು ಸಂಬಳ ಏರಿಸಿದಂತೆ, ತುಟ್ಟಿಭತ್ಯೆ ಕೂಡುತ್ತ ಹೋದಂತೆ, ಆ ಕಂತು ಹಗುರವಾಗುತ್ತಿತ್ತು. ಕೇಂದ್ರ ನೌಕರರ ಕನಿಷ್ಠ ಮೂಲವೇತನ 1986ರಲ್ಲಿ 750 ರೂಪಾಯಿ, 1996ರಲ್ಲಿ 2,550, 2006ರಲ್ಲಿ 7,000. ಹಣದುಬ್ಬರ ಸಾಲಗಾರನ ಪಕ್ಷ ವಹಿಸಿದ ಅಪರೂಪದ ಕಾಲ ಅದು.

ಮುಂಗಡದ ಕರಾರು ಮಾತ್ರ ಬಿಗಿ. ಮನೆಯನ್ನು ಭಾರತದ ರಾಷ್ಟ್ರಪತಿಯವರ ಹೆಸರಿಗೆ ಅಡವಿಡಬೇಕಿತ್ತು. ಬೆಂಕಿ, ಸಿಡಿಲು, ನೆರೆಗಳ ವಿರುದ್ಧ ವಿಮೆ ಮಾಡಿಸಬೇಕಿತ್ತು. ಯಮುನೆಯ ಪಕ್ಕದಲ್ಲಿ ಮೂರನೆಯದು ಬರೀ ನಿಯಮದ ಮಾತಾಗಿರಲಿಲ್ಲ. ನಿವೃತ್ತಿಗೆ ಮುಂಚೆ ಕೆಲಸ ಬಿಟ್ಟರೆ ಉಳಿದ ಬಾಕಿಯನ್ನೆಲ್ಲ ಒಮ್ಮೆಲೇ ಕಟ್ಟಬೇಕಿತ್ತು. ಮುಂಗಡದಿಂದ ಪೂರೈಸದೆ ಉಳಿದ ಮೊತ್ತವನ್ನು ಸಾಮಾನ್ಯ ಭವಿಷ್ಯನಿಧಿಯಿಂದ ತೆಗೆಯುತ್ತಿದ್ದರು. ಆ ನಿಧಿಗೆ ಸಂಬಳದ ಶೇ. 6ರಷ್ಟಾದರೂ ಪ್ರತಿ ತಿಂಗಳು ಹೋಗಲೇಬೇಕಿತ್ತು. 1986-87ರಿಂದ 1999-2000ದವರೆಗೆ ಅದರ ಮೇಲೆ ಶೇ. 12 ಬಡ್ಡಿ ಬರುತ್ತಿದ್ದುದರಿಂದ ಕಡ್ಡಾಯಕ್ಕಿಂತ ಹೆಚ್ಚು ಕಟ್ಟುವುದು ಜಾಣತನವೆನಿಸಿತ್ತು.

ತಿಂಗಳ ಖರ್ಚಿನ ಪುಸ್ತಕದ ಮೊದಲ ಸಾಲಿನಲ್ಲಿ ಊರಿಗೆ ಹೋಗುವ ಮನಿಯಾರ್ಡರ್ ಇರುತ್ತಿತ್ತು. ನಂತರ ದಿನಸಿ, ಶಾಲೆಯ ಶುಲ್ಕ, ಬಸ್ ಪಾಸು, ಹಾಲು. ಮದರ್ ಡೇರಿ 1974ರಲ್ಲಿ ಕೆಲಸ ಶುರು ಮಾಡಿದ್ದು ಪಟ್ಪರ್‌ಗಂಜಿನಲ್ಲೇ. ಯಂತ್ರಕ್ಕೆ ಟೋಕನ್ ಹಾಕಿ ಪಾತ್ರೆಗೆ ಹಾಲು ಹಿಡಿಯುವ ಅದರ ಬೂತುಗಳಲ್ಲಿ ದರ ಎಲ್ಲರಿಗೂ ಒಂದೇ ಆಗಿದ್ದು, ಹಾಲಿನವನ ಜೊತೆಗಿನ ತಿಂಗಳ ಕೊನೆಯ ತಕರಾರು ತಪ್ಪಿತು. ಎರಡು ವರ್ಷಕ್ಕೊಮ್ಮೆ ಸರ್ಕಾರದ ರಜಾ ಪ್ರಯಾಣ ರಿಯಾಯಿತಿಯಲ್ಲಿ ಊರಿನ ಪ್ರಯಾಣ. ಖರ್ಚು ರೈಲಿನದು ಕಡಿಮೆ, ನೆಂಟರಿಗೆ ಒಯ್ಯುವ ಉಡುಗೊರೆಯದು ಹೆಚ್ಚು.

ದೊಡ್ಡ ಮೊತ್ತ ಒಟ್ಟಿಗೆ ಬೇಕಾದಾಗ ಹೆಂಗಸರ ಕೈಯಲ್ಲಿದ್ದ ಉಪಾಯ ಚೀಟಿ. ದೆಹಲಿಯ ಬಾಯಲ್ಲಿ ‘ಕಮಿಟಿ’. 12 ಮನೆಯವರು ತಿಂಗಳಿಗೆ 500ರಂತೆ ಹಾಕಿದರೆ ಪ್ರತಿ ತಿಂಗಳು 6,000 ರೂಪಾಯಿಯ ಗಂಟು ಒಬ್ಬರ ಪಾಲಿಗೆ ಬರುತ್ತಿತ್ತು, ಎತ್ತಿದ ಚೀಟಿಯಂತೆ ಇಲ್ಲವೇ ಕೂಗಿದ ಹರಾಜಿನಂತೆ. ಫ್ರಿಜ್, ಕಿವಿಯ ಓಲೆ, ಬಾಲ್ಕನಿಗೆ ಗ್ರಿಲ್ ಇದರಿಂದಲೇ ಬಂದವು. 1982ರ ಚಿಟ್ ಫಂಡ್ ಕಾಯ್ದೆ ನೋಂದಣಿಯನ್ನು ಕಡ್ಡಾಯ ಮಾಡಿದ್ದರೂ ನೆರೆಹೊರೆಯ ಕಮಿಟಿಗಳು ನಂಬಿಕೆಯ ಮೇಲೆಯೇ ನಡೆದವು. ತ್ರಿಲೋಕ್‌ಪುರಿಯ ಕೆಲಸದವಳಿಗೂ ಆಕೆಯ ಮಾಲಕಿಗೂ ಸಮಾನವಾಗಿ ಗೊತ್ತಿದ್ದ ಹಣಕಾಸಿನ ಸಂಸ್ಥೆ ಇದೊಂದೇ ಇರಬೇಕು.

ಕರಾವಳಿ ಕರ್ನಾಟಕದಿಂದ ಬಂದವರಿಗೆ ಸಣ್ಣ ಉಳಿತಾಯ ಹುಟ್ಟಿನ ಜೊತೆ ಬಂದದ್ದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಸ್ಥಾಪಿಸಿದ ನಿಧಿ ಕೆನರಾ ಬ್ಯಾಂಕಾಯಿತು. ಉಡುಪಿಯ ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಹೋಗಿ ಪಡೆಯಿತು. 1969 ಮತ್ತು 1980ರ ರಾಷ್ಟ್ರೀಕರಣದ ಬಳಿಕ ಆ ಬ್ಯಾಂಕುಗಳ ನೌಕರರು ವರ್ಗವಾಗಿ ದೆಹಲಿಗೆ ಬಂದರು, ಅವರ ಹಿಂದೆ ಊರಿನವರ ಖಾತೆಗಳೂ ಬಂದವು. ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಎಂಬ ಹೆಸರುಗಳು 2019–20ರ ವಿಲೀನಗಳಲ್ಲಿ ಅಳಿಸಿಹೋದವು; ಕೆನರಾ ಉಳಿಯಿತು.

ಹೂಡಿಕೆ ಎಂಬ ಮಾತಿಗೆ 1980ರ ದಶಕದಲ್ಲಿ ಅಂಚೆ ಕಚೇರಿಯೇ ಅರ್ಥ. 1968ರಲ್ಲಿ ಕಾಯ್ದೆಯಾದ ಸಾರ್ವಜನಿಕ ಭವಿಷ್ಯನಿಧಿ 15 ವರ್ಷದ್ದು. 1986ರ ಇಂದಿರಾ ವಿಕಾಸ ಪತ್ರ 5 ವರ್ಷಕ್ಕೆ ಹಣ ಇಮ್ಮಡಿ ಮಾಡುತ್ತಿತ್ತು, 1988ರ ಕಿಸಾನ್ ವಿಕಾಸ ಪತ್ರ ಐದೂವರೆ ವರ್ಷಕ್ಕೆ. ಇಂದಿರಾ ಪತ್ರದ ಮೇಲೆ ಹೆಸರೇ ಇರುತ್ತಿರಲಿಲ್ಲ. ಕಳೆದರೆ ನೋಟು ಕಳೆದಂತೆಯೇ, ಆದ್ದರಿಂದ ಅದರ ಜಾಗ ಬೀರುವಿನ ಸೀರೆಗಳ ನಡುವೆ. ಸ್ವಲ್ಪ ಧೈರ್ಯವಂತರು ಯೂನಿಟ್ ಟ್ರಸ್ಟಿನ ಯುಎಸ್-64 ಕೊಳ್ಳುತ್ತಿದ್ದರು. 1964ರಿಂದ ನಡೆದುಬಂದ ಅದನ್ನು ಷೇರುಪೇಟೆಯ ಹೂಡಿಕೆ ಎಂದು ಬಹಳ ಮಂದಿ ತಿಳಿದಿರಲೇ ಇಲ್ಲ. ವರ್ಷಕ್ಕೊಮ್ಮೆ ಲಾಭಾಂಶ ಬರುವ ಇನ್ನೊಂದು ಠೇವಣಿ ಎಂದುಕೊಂಡಿದ್ದರು.

ಇಂಥ ಮನೆಯಲ್ಲಿ ಕೆಲಸ ಬದಲಿಸುವ ಮಾತು ಏಳುತ್ತಿದ್ದುದೇ ಅಪರೂಪ. ಅದಕ್ಕೆ ಸ್ವಭಾವಕ್ಕಿಂತ ನಿಯಮಗಳೇ ಕಾರಣ. 1972ರ ಪಿಂಚಣಿ ನಿಯಮಗಳ ಪ್ರಕಾರ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಲೆಕ್ಕಕ್ಕಿಲ್ಲ. ಅನುಮತಿ ಪಡೆದು ಇನ್ನೊಂದು ಸರ್ಕಾರಿ ಹುದ್ದೆಗೆ ಹೋದರೆ ಮಾತ್ರ ವಿನಾಯಿತಿ. 10 ವರ್ಷಕ್ಕೆ ಮುಂಚೆ ಪಿಂಚಣಿಯೇ ಇಲ್ಲ. ಪೂರ್ಣ ಪಿಂಚಣಿಗೆ 33 ವರ್ಷ ಸೇವೆ ಬೇಕಿತ್ತು, ಆರನೇ ವೇತನ ಆಯೋಗ ಬಂದ ಮೇಲಷ್ಟೇ ಆ ಷರತ್ತು ಸಡಿಲವಾಯಿತು. ಇದ್ದ ಒಂದೇ ಕಿಂಡಿ 20 ವರ್ಷ ಸೇವೆಯ ನಂತರದ ಸ್ವಯಂ ನಿವೃತ್ತಿ. ಲೆಕ್ಕ ಹಾಕಿ ನೋಡಿದರೆ 25ರಲ್ಲಿ ಸೇರಿದವನಿಗೆ 45ರಲ್ಲಿ ಬಾಗಿಲು ತೆರೆಯುತ್ತಿತ್ತು, ಅಷ್ಟರಲ್ಲಿ ಮಕ್ಕಳ ಕಾಲೇಜು ಎದುರಿಗೆ ನಿಂತಿರುತ್ತಿತ್ತು, ರಾಷ್ಟ್ರಪತಿಯವರ ಹೆಸರಿನ ಅಡವು ಇನ್ನೂ ಬಿಡಿಸಿರುತ್ತಿರಲಿಲ್ಲ. ಆದ್ದರಿಂದ ನೌಕರಿ ಬಿಟ್ಟವರು ಹೆಚ್ಚಾಗಿ ಹೆಂಡತಿಗೂ ಸಂಬಳವಿದ್ದ ಮನೆಯವರು. ಶಾಲೆಯ ಶಿಕ್ಷಕಿಯೋ ಎಲ್‌ಐಸಿಯ ಗುಮಾಸ್ತೆಯೋ ಆಗಿದ್ದ ಆಕೆಯ ಸ್ಥಿರ ಸಂಬಳವೇ ಗಂಡನ ಸಾಹಸಕ್ಕೆ ಬಂಡವಾಳ. ಮನೆತನದ ಕಥೆಗಳಲ್ಲಿ ಈ ಬಂಡವಾಳದ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ.

1990ರ ದಶಕ ಮನೆ, ಸಾಲ, ನೌಕರಿಗಳ ಈ ಗಂಟನ್ನು ಒಂದೊಂದೇ ಎಳೆಯಾಗಿ ಬಿಚ್ಚಿತು. 1992ರಲ್ಲಿ ಡಿಡಿಎಯ ಲೀಸ್‌ಹೋಲ್ಡ್ ಫ್ಲ್ಯಾಟುಗಳನ್ನು ಶುಲ್ಕ ಕಟ್ಟಿ ಫ್ರೀಹೋಲ್ಡ್ ಮಾಡಿಸಿಕೊಳ್ಳುವ ಅವಕಾಶ ಬಂತು. ಅಲ್ಲಿಯವರೆಗೆ ಮಾರುವುದು ಸುಲಭವಿಲ್ಲದ್ದರಿಂದ ಮುಖ್ತಿಯಾರ್ ಪತ್ರದ ಮೇಲೆ ಮನೆಗಳು ಕೈಬದಲಾಗುತ್ತಿದ್ದವು; ಅಂಥ ವ್ಯವಹಾರದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿದ್ದು 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ. ಫ್ರೀಹೋಲ್ಡ್ ಆದ ಮನೆಯನ್ನು ಮಾರಬಹುದು, ಅಡವಿಡಬಹುದು, ಮಗನ ಹೆಸರಿಗೆ ನೆಮ್ಮದಿಯಿಂದ ಬರೆಯಬಹುದು.

ಪೆಟ್ಟುಗಳೂ ಅದೇ ದಶಕದಲ್ಲಿ ಬೀಳತೊಡಗಿದವು. ಹೆಚ್ಚಿನ ಬಡ್ಡಿಯ ಆಸೆಗೆ ಹಣಕಾಸು ಕಂಪನಿಗಳಲ್ಲಿ ಠೇವಣಿ ಇಟ್ಟವರು 1997ರಲ್ಲಿ ಸಿಆರ್‌ಬಿ ಕ್ಯಾಪಿಟಲ್ ಮಾರ್ಕೆಟ್ಸ್ ಕುಸಿದಾಗ ಬೆಚ್ಚಿದರು. ಅದಕ್ಕಿಂತ ಆಳದ ಗಾಯ 2001ರ ಜುಲೈನದು: ಯುಎಸ್-64ರ ಮಾರಾಟ, ಮರುಖರೀದಿ ಎರಡನ್ನೂ ಯೂನಿಟ್ ಟ್ರಸ್ಟ್ ಆರು ತಿಂಗಳ ಮಟ್ಟಿಗೆ ನಿಲ್ಲಿಸಿತು. ಅದೇ ಹೊತ್ತಿಗೆ ಭವಿಷ್ಯನಿಧಿಯ ಶೇ. 12 ಇಳಿಯುತ್ತಾ 2003-04ಕ್ಕೆ ಶೇ. 8ಕ್ಕೆ ಬಂತು. ಸರ್ಕಾರದ ಮುದ್ರೆ ಇದ್ದದ್ದೆಲ್ಲ ಸುರಕ್ಷಿತ, ಲಾಭಕರ ಎಂಬ ಎರಡು ನಂಬಿಕೆಗಳೂ ಮೂರೇ ವರ್ಷಗಳಲ್ಲಿ ಅಲುಗಾಡಿದವು.

ನೌಕರಿಯ ಕಡೆಯಲ್ಲಿ ಎರಡು ಬದಲಾವಣೆಗಳು ಈ ಬಡಾವಣೆಯನ್ನು ನೇರವಾಗಿ ತಟ್ಟಿದವು. ಒಂದು ಪತ್ರಕರ್ತರದು. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯಡಿ ವೇತನ ಮಂಡಳಿಗಳು ಗೊತ್ತುಮಾಡಿದ ಸಂಬಳ, ತೆಗೆದುಹಾಕುವುದಕ್ಕೆ ಕಷ್ಟವಾದ ಹುದ್ದೆ, ಇವು ಹಳೆಯ ಏರ್ಪಾಡು. 1990ರ ದಶಕದಲ್ಲಿ ಪತ್ರಿಕೆಗಳು ಗುತ್ತಿಗೆಯ ನೇಮಕಕ್ಕೆ ತಿರುಗಿದವು: ಸಂಬಳ ಹೆಚ್ಚು, ಅವಧಿ ಎರಡೋ ಮೂರೋ ವರ್ಷ. ಸಂಘದ ಫ್ಲ್ಯಾಟಿನ ಕಂತು ಮುಗಿಸಿದ್ದವರು ಗುತ್ತಿಗೆಗೆ ಸಹಿ ಹಾಕಿದರು, ನೊಯ್ಡಾದ ಫಿಲ್ಮ್ ಸಿಟಿಯಲ್ಲಿ ತಲೆಯೆತ್ತಿದ ಟಿವಿ ವಾಹಿನಿಗಳಿಗೆ ಹಾರಿದರು. ಕಂತು ಉಳಿದಿದ್ದವರು ವೇತನ ಮಂಡಳಿಯನ್ನೇ ಹಿಡಿದುಕೊಂಡರು. ಎರಡನೆಯದು 2000–01ರ ಬ್ಯಾಂಕ್ ಸ್ವಯಂ ನಿವೃತ್ತಿ. 15 ವರ್ಷ ಸೇವೆ ಅಥವಾ 40 ವರ್ಷ ವಯಸ್ಸು ತುಂಬಿದವರಿಗೆ ತೆರೆದ ಆ ಯೋಜನೆಯಲ್ಲಿ ದೇಶದಾದ್ಯಂತ ಸುಮಾರು ಒಂದು ಲಕ್ಷ ಮಂದಿ ಸಾರ್ವಜನಿಕ ಬ್ಯಾಂಕುಗಳನ್ನು ಬಿಟ್ಟರು. ಸೇವೆಯ ಪ್ರತಿ ವರ್ಷಕ್ಕೆ 60 ದಿನಗಳ ಸಂಬಳದಂತೆ ಸಿಕ್ಕ ಮೊತ್ತ ದೊಡ್ಡದಾಗಿಯೇ ಕಂಡಿತು. ಬಡ್ಡಿದರ ಇಳಿಯುತ್ತಿದ್ದ ಕಾಲದಲ್ಲಿ ಅದನ್ನು ಠೇವಣಿಯಿಟ್ಟು ಬಡ್ಡಿಯಲ್ಲಿ ಬದುಕುವ ಲೆಕ್ಕ ಹಾಕಿದ್ದವರಿಗೆ ಮಾತ್ರ ಲೆಕ್ಕ ತಪ್ಪಿತು.

2001ರಲ್ಲಿ ಡಿಎನ್‌ಡಿ ಮೇಲ್ಸೇತುವೆ, 2009ರ ನವೆಂಬರಿನಲ್ಲಿ ನೊಯ್ಡಾದವರೆಗಿನ ಮೆಟ್ರೊ ಬಂದು ಮಯೂರ್ ವಿಹಾರ್ ನಗರದ ಹೊರಗಿನಿಂದ ನಡುವಿಗೆ ಸರಿಯಿತು. ಕೇಂದ್ರ ಸಚಿವಾಲಯ ಒಂದು ಕಡೆ, ನೊಯ್ಡಾದ ಸಾಫ್ಟ್‌ವೇರ್ ಕಚೇರಿಗಳು ಇನ್ನೊಂದು ಕಡೆ; ಅಪ್ಪನೂ ಮಗಳೂ ಒಂದೇ ನೀಲಿ ಮಾರ್ಗದಲ್ಲಿ ಎದುರುಬದುರು ದಿಕ್ಕಿಗೆ ಹೊರಡಬಹುದಾಯಿತು. 2018ರ ಡಿಸೆಂಬರ್ 31ರಂದು ಗುಲಾಬಿ ಮಾರ್ಗವೂ ಸೇರಿತು. ಅದೇ ಮಾರ್ಗದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮೋತಿ ಬಾಗ್ ನಿಲ್ದಾಣವಿದೆ, ಕರ್ನಾಟಕ ಸಂಘಕ್ಕೆ ಹೋಗುವವರಿಗೆ ಅನುಕೂಲವಾದದ್ದು.

ಆರನೇ ವೇತನ ಆಯೋಗದ ಹಿಂಬಾಕಿ 2008ರಲ್ಲಿ ಶೇ. 40, ಮರುವರ್ಷ ಶೇ. 60ರಂತೆ ಕೈಗೆ ಬಂತು. ಅದೇ ಆಯೋಗದಿಂದ ಶಿಕ್ಷಕರ ಸಂಬಳವೂ ಏರಿದ್ದರಿಂದ 2009ರ ಫೆಬ್ರುವರಿಯಲ್ಲಿ ದೆಹಲಿ ಸರ್ಕಾರ ಖಾಸಗಿ ಶಾಲೆಗಳಿಗೆ ಶುಲ್ಕ ಏರಿಸಲು ಒಪ್ಪಿಗೆ ಕೊಟ್ಟಿತು. ಒಂದು ಕಿಸೆಗೆ ಬಂದದ್ದರಲ್ಲಿ ಒಂದು ಪಾಲು ಇನ್ನೊಂದು ಕಿಸೆಯಿಂದ ಹೋಯಿತು. ಉಳಿದ ಹಣ ಹಲವು ಮನೆಗಳಲ್ಲಿ ನೊಯ್ಡಾ, ಗ್ರೇಟರ್ ನೊಯ್ಡಾಗಳ ಎರಡನೆಯ ಫ್ಲ್ಯಾಟಿನ ಮುಂಗಡವಾಯಿತು. ಇಲ್ಲಿ ಹಳೆಯ ಅನುಭವವೇ ದಾರಿ ತಪ್ಪಿಸಿತು: ಡಿಡಿಎ ತಡವಾಗಿಯಾದರೂ ಮನೆ ಕೊಟ್ಟಿತ್ತು, ಬಿಲ್ಡರ್ ಕೂಡ ತಡವಾಗಿಯಾದರೂ ಕೊಡುತ್ತಾನೆ ಎಂದು ನಂಬಿದರು. 2016ರಲ್ಲಿ ಬಿಲ್ಡರುಗಳನ್ನು ನಿಯಂತ್ರಿಸುವ ರೇರಾ ಕಾಯ್ದೆ ಬಂದು, 2019ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆಮ್ರಪಾಲಿ ಎಂಬ ಬಿಲ್ಡರ್ ಕಂಪನಿಯ ಅರೆಬರೆ ಕಟ್ಟಡಗಳನ್ನು ಮುಗಿಸುವ ಹೊಣೆಯನ್ನು ಸರ್ಕಾರಿ ನಿರ್ಮಾಣ ಸಂಸ್ಥೆ ಎನ್‌ಬಿಸಿಸಿಗೆ ಒಪ್ಪಿಸುವ ಹೊತ್ತಿಗೆ ಬಾಡಿಗೆಯನ್ನೂ ಕಂತನ್ನೂ ಒಟ್ಟಿಗೆ ಕಟ್ಟುತ್ತಿದ್ದ ಸಂಸಾರಗಳು ಬಹಳ. ಮಯೂರ್ ವಿಹಾರದ ಹಳೆಯ ಮನೆ ಇದ್ದವರು ಕನಿಷ್ಠ ಬಾಡಿಗೆಯಿಂದ ಪಾರಾದರು.

ಕನ್ನಡದ ಮನೆಗಳಲ್ಲಿ ಎರಡನೆಯ ಆಸ್ತಿಯ ಪ್ರಶ್ನೆ ಬೆಂಗಳೂರಿನತ್ತ ತಿರುಗಿರುತ್ತಿತ್ತು. 1976ರ ಕಾಯ್ದೆಯಡಿ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ನಿವೇಶನಕ್ಕೆ ಅರ್ಜಿ ಹಾಕುವುದು, ಅಲ್ಲಿನ ಗೃಹನಿರ್ಮಾಣ ಸಹಕಾರಿ ಸಂಘಗಳಿಗೆ ಹಣ ಕಟ್ಟುವುದು ದೆಹಲಿಯ ಸರದಿಯ ಜೊತೆಜೊತೆಗೇ ನಡೆಯುತ್ತಿತ್ತು. ನಿವೃತ್ತಿಯ ಬಳಿಕ ಊರಿಗೆ ಮರಳುವುದೋ ಇಲ್ಲೇ ಉಳಿಯುವುದೋ ಎಂಬುದನ್ನು ಕೊನೆಗೆ ನಿರ್ಧರಿಸಿದ್ದು ಎರಡು ಮನೆಗಳ ಬೆಲೆಗಿಂತ ಮಕ್ಕಳ ಕೆಲಸ ಎಲ್ಲಿದೆ ಎಂಬುದು. ಆ ಮಕ್ಕಳ ಕೆಲಸವೂ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದರೆ ತೀರ್ಮಾನ ಸುಲಭ.

ಕೆಲಸ ಬದಲಿಸುವುದನ್ನು ನಿಜವಾಗಿ ಹಗುರ ಮಾಡಿದ್ದು ಪಿಂಚಣಿಯ ಹೊಸ ಲೆಕ್ಕ. 2004ರ ಜನವರಿ 1ರಿಂದ ಈಚೆಗೆ ಕೇಂದ್ರ ಸೇವೆಗೆ ಸೇರಿದವರಿಗೆ, ಸೇನಾಪಡೆಗಳನ್ನು ಬಿಟ್ಟು, ಹಳೆಯ ಪಿಂಚಣಿ ಇಲ್ಲ. ಸಂಬಳದ ಶೇ. 10 ನೌಕರನದು, ಅಷ್ಟೇ ಸರ್ಕಾರದ್ದು, ಎರಡೂ ಆತನ ಖಾತೆಗೆ. ಸರ್ಕಾರದ ಪಾಲು 2019ರಿಂದ ಶೇ. 14. ಖಾತೆಯ ಸಂಖ್ಯೆ ನೌಕರಿಯೊಡನೆ ಸಾಯುವುದಿಲ್ಲ. 2009ರಲ್ಲಿ ಈ ವ್ಯವಸ್ಥೆ ಎಲ್ಲ ನಾಗರಿಕರಿಗೂ ತೆರೆಯಿತು, 2014ರಲ್ಲಿ ಖಾಸಗಿ ನೌಕರರ ಭವಿಷ್ಯನಿಧಿಗೂ ಒಂದೇ ಸಾರ್ವತ್ರಿಕ ಸಂಖ್ಯೆ ಬಂತು. ತಂದೆಯ ಪಾಲಿಗೆ ರಾಜೀನಾಮೆ ಎಂದರೆ 20 ವರ್ಷ ನೀರಿನಲ್ಲಿ ಮಾಡಿದ ಹೋಮವಾಗಿದ್ದರೆ, ಮಗಳ ಪಾಲಿಗೆ ಅದೊಂದು ಅರ್ಜಿ ನಮೂನೆ. ಅವಳು ಕಳೆದುಕೊಂಡದ್ದು ಕೊನೆಯ ಸಂಬಳದ ಅರ್ಧದಷ್ಟು ಪಿಂಚಣಿಯ ಭರವಸೆಯನ್ನು.

ಆ ಭರವಸೆಗಾಗಿ ನೌಕರರ ಸಂಘಗಳು ಹಿಡಿದ ಪಟ್ಟಿನ ಫಲವಾಗಿ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆ ಆಯ್ಕೆಯ ರೂಪದಲ್ಲಿ ಜಾರಿಗೆ ಬಂತು. ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಶೇ. 50ರಷ್ಟು ಪೂರ್ಣವಾಗಿ ಸಿಗಲು 25 ವರ್ಷ ಸೇವೆ ಬೇಕು. 10 ವರ್ಷ ಮುಗಿಸಿ ನಿವೃತ್ತರಾದವರಿಗೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ. 25 ವರ್ಷ ದುಡಿದು ಸ್ವಯಂ ನಿವೃತ್ತಿ ಪಡೆದರೂ ಹಣ ಕೈಗೆ ಬರುವುದು ವಯೋನಿವೃತ್ತಿಯ ತಾರೀಖಿನಿಂದಲೇ.